ಹೆಂಪ್ ಬೀಜದ ಪೊಟ್ಟಣ: ಎಲೆ ತೆಗೆಯಿರಿ, ವಿವರ ತುಂಬಿ

ಹೆಂಪ್ ಅಂದರೆ ಗಾಂಜಾ ಜಾತಿಯದೇ ಗಿಡ. ಅದರ ಬೀಜ ಪ್ಯಾಕ್ ಮಾಡಿ ಮಾರಬೇಕು ಅಂತ ನನ್ನ ಹತ್ತಿರ ಬರುವ ಸಣ್ಣ ಉದ್ಯಮಿಗಳು ಮೊದಲು ತೋರಿಸುವುದು ಲೋಗೋ. ಅದರಲ್ಲಿ ಏಳು ಬೆರಳಿನ ಹಸಿರು ಎಲೆ ಇದ್ದೇ ಇರುತ್ತದೆ. ಡಿಸೈನರ್‌ಗೆ ದುಡ್ಡು ಕೊಟ್ಟು, ಇಷ್ಟಪಟ್ಟು ಮಾಡಿಸಿರುತ್ತಾರೆ. ಆ ಎಲೆ ತೆಗೆಯಬೇಕು ಅಂದರೆ ಮುಖ ಸಪ್ಪಗಾಗುತ್ತದೆ. ಆದರೆ ತೆಗೆಯದೆ ಬೇರೆ ದಾರಿಯೇ ಇಲ್ಲ.

2021ರ ನವೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರ ಎಂದು ಒಪ್ಪಿ ಮಾನದಂಡ ಹೊರಡಿಸಿತು. ಲೇಬಲ್ ಬಗ್ಗೆ ಅದರಲ್ಲಿ ಖಡಕ್ ಮಾತುಗಳಿವೆ. ಬೀಜ ಬಿಟ್ಟು ಗಿಡದ ಬೇರೆ ಯಾವ ಭಾಗದ ಚಿತ್ರವೂ ಇರಬಾರದು. ‘ಕ್ಯಾನಬಿಸ್’, ‘ಮರಿಜುವಾನ’ ಅಥವಾ ಅದೇ ಅರ್ಥದ ಪದ ಇರಬಾರದು. ತಿಂದರೆ ಅಮಲೇರುತ್ತದೆ ಎನ್ನುವ ಸುಳಿವು ಕೂಡ ಇರಬಾರದು. ಸಿಬಿಡಿ (ಈ ಗಿಡದಲ್ಲಿರುವ, ಅಮಲೇರಿಸದ ಒಂದು ರಾಸಾಯನಿಕ) ಹೆಸರು ಹೇಳಿ ಆರೋಗ್ಯದ ಭರವಸೆ ಕೊಡುವಂತಿಲ್ಲ.

ಡಿಸೈನರ್‌ಗಳ ತಪ್ಪೂ ಅಲ್ಲ ಬಿಡಿ. ಅವರು ನೋಡಿ ಕಲಿಯುವುದು ಕ್ಯಾಲಿಫೋರ್ನಿಯಾ, ಕೆನಡಾದ ಪ್ಯಾಕೆಟ್‌ಗಳನ್ನು. ಅಲ್ಲಿ ಎಲೆಯ ಚಿತ್ರಕ್ಕೆ ಬೇರೆಯೇ ಕೆಲಸವಿದೆ. ಕೆನಡಾದಲ್ಲಿ ಕೆಂಪು ಎಂಟುಮೂಲೆಯ ಗುರುತಿನೊಳಗೆ ಎಲೆಯನ್ನೂ ಟಿಎಚ್‌ಸಿ (ಈ ಗಿಡದ ಅಮಲೇರಿಸುವ ರಾಸಾಯನಿಕ) ಎಂಬ ಅಕ್ಷರಗಳನ್ನೂ ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ತ್ರಿಕೋನದೊಳಗೆ ಎಲೆ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಎರಡೂ ಎಚ್ಚರಿಕೆಯ ಗುರುತುಗಳು: ಒಳಗೆ ಅಮಲಿನ ಪದಾರ್ಥವಿದೆ, ಮಕ್ಕಳ ಕೈಗೆ ಕೊಡಬೇಡಿ ಅಂತ. ಅಮಲೇ ಇಲ್ಲದ ಬೀಜದ ಮೇಲೆ ನಾವು ಅದನ್ನು ಅಲಂಕಾರಕ್ಕೆ ಅಂಟಿಸಿದರೆ ಗ್ರಾಹಕರಿಗೂ ಗೊಂದಲ, ಅಧಿಕಾರಿಗೂ ಅನುಮಾನ. ನೀವು ಮಾರುತ್ತಿರುವುದು ಒಂದು ಎಣ್ಣೆಬೀಜ. ಅಂಗಡಿಯಲ್ಲಿ ಅದರ ಜಾಗ ಎಳ್ಳು, ಅಗಸೆಯ ಪಕ್ಕ. ಪೊಟ್ಟಣವೂ ಅದನ್ನೇ ಹೇಳಬೇಕು. ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟೇ.

ಕಾನೂನಿನ ಗೆರೆ ಎಲ್ಲಿದೆ ಅಂತ ಸ್ವಲ್ಪ ನೋಡಿಬಿಡೋಣ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ ಮತ್ತು ಕಾಯಿಕಟ್ಟಿದ ತುದಿ. ಆ ತುದಿಯ ಜೊತೆ ಸೇರದೆ ಬಿಡಿಯಾಗಿರುವ ಬೀಜ ಮತ್ತು ಎಲೆ ಅದರೊಳಗೆ ಬರುವುದಿಲ್ಲ. ಬೀಜಕ್ಕೆ ದಾರಿ ಆಗಿದ್ದು ಅಲ್ಲಿಂದ. ಉತ್ತರಾಖಂಡದ ಕುಮಾಂವ್ ಸೀಮೆಯಲ್ಲಿ ಈ ಬೀಜ ಹುರಿದು ಅರೆದು ಚಟ್ನಿ ಮಾಡುವುದು ಹಳೆಯ ಅಡುಗೆ. ಅದೇ ಉತ್ತರಾಖಂಡ 2018ರಲ್ಲಿ ಹೆಂಪ್ ಬೆಳೆಯಲು ಲೈಸೆನ್ಸ್ ಕೊಡಲು ಶುರು ಮಾಡಿತು.

ಎಲೆಯ ವಿಷಯ ಬೇರೆ. ಎಲೆಯಿಂದ ಮಾಡಿದ ಔಷಧ ಆಯುರ್ವೇದದ ಲೈಸೆನ್ಸ್ ಅಡಿ ಬರುತ್ತದೆ. ಅದು ವಿಷದ್ರವ್ಯಗಳ ಪಟ್ಟಿಯಲ್ಲಿರುವುದರಿಂದ, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ಹಾಕಬೇಕು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಭಾಂಗ್ (ಈ ಎಲೆಯಿಂದ ಮಾಡುವುದು) ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಆ ಸುದ್ದಿ ಓದಿ ‘ಹಾಗಾದರೆ ಭಾಂಗ್ ಬಿಸ್ಕತ್ತು ಮಾಡಬಹುದಾ ಸರ್?’ ಅಂತ ಕೇಳುವವರು ಈಗಲೂ ಇದ್ದಾರೆ. ಜಾಮೀನಿನ ಆದೇಶ ಆಹಾರ ಮಾರುವ ಪರವಾನಗಿ ಆಗುವುದಿಲ್ಲ. ರಾಜ್ಯದ ಅಬಕಾರಿ ಕಾನೂನು ಬೇರೆ ಇದೆ. ಬೀಜದ ವ್ಯಾಪಾರ, ಎಲೆಯ ವ್ಯಾಪಾರ ಎರಡನ್ನೂ ಒಂದೇ ಬ್ರ್ಯಾಂಡಿನಲ್ಲಿ, ಒಂದೇ ಥರದ ಡಬ್ಬಿಯಲ್ಲಿ ಮಾಡಬೇಡಿ. ಒಂದಕ್ಕೆ ಬಂದ ತೊಂದರೆ ಇನ್ನೊಂದನ್ನೂ ಎಳೆಯುತ್ತದೆ.

ಇನ್ನು ಟಿಎಚ್‌ಸಿ ಮಿತಿ. ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ ಕಿಲೋಗೆ 10 ಮಿಲಿಗ್ರಾಂ, ಬೀಜದಿಂದ ಮಾಡಿದ ಪಾನೀಯದಲ್ಲಿ ಕಿಲೋಗೆ 0.2 ಮಿಲಿಗ್ರಾಂ. ಇದಕ್ಕಿಂತ ಜಾಸ್ತಿ ಇರುವಂತಿಲ್ಲ. ಬೀಜದೊಳಗೆ ಟಿಎಚ್‌ಸಿ ಉಂಟಾಗುವುದಿಲ್ಲವಲ್ಲ, ಮತ್ತೆ ಪರೀಕ್ಷೆ ಯಾಕೆ ಅಂತ ಕೇಳುತ್ತಾರೆ. ಬೀಜವನ್ನು ಸುತ್ತಿರುವ ಹೂವಿನ ಸಿಪ್ಪೆಯಲ್ಲಿ ಟಿಎಚ್‌ಸಿ ಇರುವ ಅಂಟು ಇರುತ್ತದೆ. ಒಕ್ಕಣೆಯಲ್ಲಿ ಆ ಅಂಟು ಬೀಜದ ಹೊರಮೈಗೆ ಮೆತ್ತಿಕೊಳ್ಳುತ್ತದೆ. ಚೆನ್ನಾಗಿ ಕೇರಿ, ಶುಚಿ ಮಾಡಿದ ಬೀಜ ಪಾಸಾಗುತ್ತದೆ. ಅದೇ ಹೊಲದ ಬೀಜ, ಧೂಳು ಹೊಟ್ಟಿನ ಸಮೇತ ಬಂದಿದ್ದರೆ ಫೇಲಾಗಬಹುದು. ಹಾಗಾಗಿ ಹೋದ ವರ್ಷದ ರಿಪೋರ್ಟ್ ಈ ವರ್ಷದ ಚೀಲಕ್ಕೆ ಆಗಲ್ಲ. ಪ್ರತಿ ಲಾಟ್ ಬಂದಾಗಲೂ ಮಾದರಿ ತೆಗೆದು ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ಕಳಿಸುವ ಮುಂಚೆ ಫೋನ್ ಮಾಡಿ, ಕಿಲೋಗೆ ಮಿಲಿಗ್ರಾಂ ಲೆಕ್ಕದಷ್ಟು ಸಣ್ಣ ಪ್ರಮಾಣದ ಟಿಎಚ್‌ಸಿ ಅಳೆಯುತ್ತಾರಾ ಅಂತ ಕೇಳಿ. ಎಲ್ಲ ಲ್ಯಾಬಿನಲ್ಲೂ ಆ ಸೌಲಭ್ಯ ಇರುವುದಿಲ್ಲ. ರಿಪೋರ್ಟಿನಲ್ಲಿರುವ ಲಾಟ್ ನಂಬರ್, ನಿಮ್ಮ ಪೊಟ್ಟಣದ ಬ್ಯಾಚ್ ನಂಬರ್ ಎರಡನ್ನೂ ಒಂದೇ ಪುಸ್ತಕದಲ್ಲಿ ಜೋಡಿಸಿ ಬರೆದಿಡಿ. ಇನ್ನೊಂದು ಮಾತು: ಬಿತ್ತಿದರೆ ಮೊಳೆಯದಂತೆ ಬಿಸಿ ಮಾಡಿದ ಬೀಜವನ್ನೇ ಕೊಳ್ಳಿ. ಲೈಸೆನ್ಸ್ ಇಲ್ಲದೆ ಈ ಗಿಡ ಬೆಳೆಸುವುದು ಅಪರಾಧ. ನಿಮ್ಮ ಪೊಟ್ಟಣದಿಂದ ಯಾರೋ ಕುಂಡದಲ್ಲಿ ಗಿಡ ಬೆಳೆಸಿದರು ಅನ್ನುವ ಮಾತೇ ಬರಬಾರದು.

ಮುಂಭಾಗದ ವಿನ್ಯಾಸ ಸರಳವಾಗಿರಲಿ. ಬ್ರ್ಯಾಂಡ್, ‘ಹೆಂಪ್ ಬೀಜ’ ಎಂಬ ಹೆಸರು, ಸಿಪ್ಪೆ ತೆಗೆದದ್ದೋ ಇಡಿಯದ್ದೋ, ನಿವ್ವಳ ತೂಕ, ಹಸಿರು ಚುಕ್ಕಿ. ‘ಹೆಂಪ್ ಎಣ್ಣೆ’ ಅಂತಷ್ಟೇ ಬರೆದು ಬಿಡಬೇಡಿ, ‘ಹೆಂಪ್ ಬೀಜದ ಎಣ್ಣೆ’ ಅಂತ ಪೂರ್ತಿ ಬರೆಯಿರಿ. ಸಿಬಿಡಿ ಎಣ್ಣೆ ಅಂದುಕೊಂಡು ನೋವಿಗೆ, ನಿದ್ದೆಗೆ ಅಂತ ಜನ ಇದನ್ನು ಕೊಳ್ಳುತ್ತಾರೆ. ಬೀಜದ ಎಣ್ಣೆಯಲ್ಲಿ ಸಿಬಿಡಿ ಇದ್ದರೂ ಲೆಕ್ಕಕ್ಕಿಲ್ಲದಷ್ಟು. ಗ್ರಾಹಕರ ಆ ತಪ್ಪು ತಿಳಿವಳಿಕೆಯಿಂದ ಮಾರಾಟ ಹೆಚ್ಚಬಹುದು, ಆದರೆ ಅದು ಮೋಸವೇ. ಕಾಯಿಲೆ ಬಿದ್ದ ಮನುಷ್ಯ ಆಸೆಯಿಂದ ಕೊಟ್ಟ ದುಡ್ಡು ಅದು. ಕ್ಯಾನ್ಸರ್, ಮಧುಮೇಹ ವಾಸಿ ಮಾಡುತ್ತದೆ ಅಂತ ಬರೆದವರನ್ನು ಹಿಡಿಯಲು 1954ರಿಂದಲೇ ಕಾಯ್ದೆ ಇದೆ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಎಂಬ ಪದಗಳಿಗೂ ಎಫ್‌ಎಸ್‌ಎಸ್‌ಎಐನ 2018ರ ನಿಯಮದಲ್ಲಿ ಷರತ್ತುಗಳಿವೆ. ಚೆಂದ ಕಾಣುತ್ತದೆ ಅಂತ ಸುಮ್ನೆ ಹಾಕಬೇಡಿ.

ಹಿಂಭಾಗದಲ್ಲಿ ಜಾಸ್ತಿ ತಪ್ಪಾಗುವುದು ಪೋಷಕಾಂಶದ ಪಟ್ಟಿಯಲ್ಲಿ. ಯಾವುದೋ ವಿದೇಶಿ ಬ್ರ್ಯಾಂಡಿನ ಪಟ್ಟಿಯನ್ನು ಇದ್ದ ಹಾಗೆ ನಕಲು ಮಾಡಿರುತ್ತಾರೆ. ಅದು ಸಿಪ್ಪೆ ತೆಗೆದ ಬೀಜದ್ದು, ಇವರು ಮಾರುವುದು ಇಡೀ ಬೀಜ. ಇಡೀ ಬೀಜದಲ್ಲಿ ನಾರು ಜಾಸ್ತಿ, ಕೊಬ್ಬು ಕಡಿಮೆ. ಲೆಕ್ಕ ಪೂರ್ತಿ ಬುಡಮೇಲು. ನಿಮ್ಮ ಸರಕನ್ನೇ ಪರೀಕ್ಷೆ ಮಾಡಿಸಿ. ಒಂದು ಉದಾಹರಣೆ ನೋಡಿ. ಸಿಪ್ಪೆ ತೆಗೆದ ಬೀಜದ 100 ಗ್ರಾಂನಲ್ಲಿ ಕೊಬ್ಬು 48 ಗ್ರಾಂ ಅಂತ ರಿಪೋರ್ಟ್ ಬಂತು ಅನ್ನಿ. ಒಂದು ಸಲಕ್ಕೆ 30 ಗ್ರಾಂ ತಿನ್ನಿ ಅಂತ ನೀವು ಹೇಳಿದರೆ ಅದರಲ್ಲಿ ಕೊಬ್ಬು 14.4 ಗ್ರಾಂ. ಲೇಬಲ್ ಲೆಕ್ಕದಲ್ಲಿ ದಿನಕ್ಕೆ ಬೇಕಾದ ಕೊಬ್ಬು 67 ಗ್ರಾಂ. ಅಂದರೆ ದಿನದ ಪಾಲಿನ ಶೇ. 21ಕ್ಕಿಂತ ಸ್ವಲ್ಪ ಜಾಸ್ತಿ. ಈ ಸಂಖ್ಯೆ ನೋಡಿದ ಮೇಲೆ ಎಷ್ಟೋ ಜನ ‘30 ಗ್ರಾಂ ಬೇಡ, 15 ಗ್ರಾಂ ಅಂತ ಬರೆಯೋಣ’ ಅನ್ನುತ್ತಾರೆ. ಚಪಾತಿ ಹಿಟ್ಟಿಗೋ ಚಟ್ನಿಪುಡಿಗೋ ಬೆರೆಸುವಾಗ ನಿಜವಾಗಿ ಎಷ್ಟು ಹಿಡಿಯುತ್ತದೆ ಅಂತ ಅಡುಗೆಮನೆಯಲ್ಲಿ ತೂಗಿ ನೋಡಿ, ಅದನ್ನೇ ಬರೆಯಿರಿ.

ಎಂಆರ್‌ಪಿ ಪಕ್ಕದಲ್ಲಿ ಒಂದು ಗ್ರಾಂಗೆ ಎಷ್ಟು ಬೆಲೆ ಅಂತಲೂ ಹಾಕಬೇಕು. 250 ಗ್ರಾಂಗೆ 450 ರೂಪಾಯಿ ಆದರೆ ಗ್ರಾಂಗೆ 1 ರೂಪಾಯಿ 80 ಪೈಸೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ವಿಳಾಸ, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್ ಎಲ್ಲರಿಗೂ ಗೊತ್ತಿರುವಂಥದ್ದು. ಮರೆಯುವುದು ಬೇರೆ: ಉತ್ತರಾಖಂಡದಿಂದ ಚೀಲದಲ್ಲಿ ತಂದು ಬೆಂಗಳೂರಿನಲ್ಲಿ ಪ್ಯಾಕ್ ಮಾಡುವವರು ತಯಾರಕರು ಅಂತ ಬರೆದುಕೊಳ್ಳಬಾರದು, ಪ್ಯಾಕ್ ಮಾಡಿದವರು ಅಂತ ಬರೆಯಬೇಕು. ಲೈಸೆನ್ಸಿನಲ್ಲೂ ಆ ಕೆಲಸ ಸೇರಿರಬೇಕು. ಅದೇ ಮೇಜಿನ ಮೇಲೆ ಶೇಂಗಾ ಚಟ್ನಿಪುಡಿಯನ್ನೂ ತುಂಬುತ್ತಿದ್ದರೆ, ಇದರಲ್ಲಿ ಕಡಲೆಕಾಯಿ ಅಂಶ ಇರಬಹುದು ಅಂತ ಹಾಕಿ. ಅಲರ್ಜಿ ಇರುವವರಿಗೆ ಅದು ಜೀವದ ಪ್ರಶ್ನೆ.

ಈಗ ಪೊಟ್ಟಣದ ಮಾತು. ನನಗೆ ತುಂಬ ಕಾಳಜಿ ಇರುವುದು ಇದರ ಬಗ್ಗೆ, ಯಾಕಂದರೆ ಈ ಬೀಜ ಬಹಳ ಬೇಗ ಕಮಟುತ್ತದೆ. ಇದರ ಕೊಬ್ಬಿನಲ್ಲಿ ಒಮೆಗಾ 3, ಒಮೆಗಾ 6 ಜಾಸ್ತಿ. ಅದೇ ಇದರ ಗುಣ, ಅದೇ ಕಷ್ಟ. ಬೆಳಕು, ಗಾಳಿ, ಸೆಕೆ ಮೂರೂ ಆಗದು. ಸಿಪ್ಪೆ ತೆಗೆದ ಬೀಜಕ್ಕಂತೂ ಕಾವಲೇ ಇಲ್ಲ. ಹಾಗಿರುವಾಗ ‘ಬೀಜ ಕಾಣಲಿ’ ಅಂತ ಪೌಚಿನ ಎದುರಿಗೆ ಪಾರದರ್ಶಕ ಕಿಟಕಿ ಬಿಡಿಸುತ್ತಾರೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ವಾರಗಟ್ಟಲೆ ನಿಂತ ಪೌಚನ್ನು ಒಮ್ಮೆ ಬಿಚ್ಚಿ ಮೂಗಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ. ಅಲ್ಯೂಮಿನಿಯಂ ಪದರ ಇರುವ ಜಿಪ್ ಪೌಚ್ ತೆಗೆದುಕೊಳ್ಳಿ, ಕಿಟಕಿ ಬೇಡ. ಬೀಜದ ಫೋಟೋ ಹಾಕಲು ಅನುಮತಿ ಇದೆಯಲ್ಲ, ಒಳ್ಳೆಯ ಫೋಟೋ ತೆಗೆಸಿ. ಸಾಧ್ಯವಾದರೆ ನೈಟ್ರೋಜನ್ ತುಂಬಿ ಸೀಲ್ ಮಾಡಿಸಿ. ಎಣ್ಣೆಗೆ ಕಂದು ಗಾಜಿನ ಬಾಟಲಿ, ಬಾಯಿಗೆ ಒಳಸೀಲ್. ‘ಕರಿಯಲು ಬಳಸಬೇಡಿ, ಬಿಚ್ಚಿದ ಮೇಲೆ ಫ್ರಿಜ್‌ನಲ್ಲಿಡಿ’ ಎಂಬ ಸಾಲು ಕಣ್ಣಿಗೆ ಬೀಳುವಂತಿರಲಿ.

ಎಷ್ಟು ತಿಂಗಳು ಬಾಳಿಕೆ? ‘12 ತಿಂಗಳು ಹಾಕಿಬಿಡಿ’ ಅನ್ನುವುದು ಸುಲಭ. ನಿಮ್ಮದೇ ಪೌಚಿನಲ್ಲಿ ತುಂಬಿಟ್ಟು, ತಿಂಗಳು ತಿಂಗಳು ಬಿಚ್ಚಿ ಪೆರಾಕ್ಸೈಡ್ ಪ್ರಮಾಣ (ಕೊಬ್ಬು ಎಷ್ಟು ಕೆಟ್ಟಿದೆ ಎಂಬ ಅಳತೆ) ಪರೀಕ್ಷೆ ಮಾಡಿಸದೆ ಆ ಅಂಕಿ ಬರೆಯಬೇಡಿ. ಈ ಥರದ ಬಾಳಿಕೆ ಪರೀಕ್ಷೆಗೆ ಲ್ಯಾಬ್ ಹುಡುಕುವವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಒಮ್ಮೆ ವಿಚಾರಿಸಿ. ಕಲಬುರಗಿಯ ಮೇ ತಿಂಗಳ ಗೋದಾಮು, ಮಡಿಕೇರಿಯ ಜುಲೈ ತಿಂಗಳ ಅಂಗಡಿ ಎರಡನ್ನೂ ನೆನಪಿನಲ್ಲಿಟ್ಟು ದಿನಾಂಕ ಹಾಕಿ.

ಶುರುವಿನಲ್ಲೇ ಪ್ರಿಂಟ್ ಮಾಡಿದ ಪೌಚಿನ ಆಸೆ ಬಿಡಿ. ಗ್ರಾವ್ಯೂರ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಮಾಡಿಸಬೇಕು, ಪೌಚೂ ರಾಶಿಗಟ್ಟಲೆ ತೆಗೆದುಕೊಳ್ಳಬೇಕು. ನಾಳೆ ಲೇಬಲ್ ನಿಯಮದಲ್ಲಿ ಒಂದು ಸಾಲು ಬದಲಾದರೆ ಅಷ್ಟೂ ಕಸ. ಸಾದಾ ಪೌಚ್ ಕೊಂಡು ಸ್ಟಿಕ್ಕರ್ ಅಂಟಿಸುವುದೇ ಸಣ್ಣವರಿಗೆ ಸರಿ. ಸ್ಟಿಕ್ಕರ್ ಕಾಗದದ್ದು ಬೇಡ. ಎಣ್ಣೆ ಕೈ ತಾಗಿದರೆ ಕಲೆಯಾಗುತ್ತದೆ, ಫ್ರಿಜ್‌ನ ತೇವಕ್ಕೆ ಎದ್ದು ಬರುತ್ತದೆ. ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕ್ಕರ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಬ್ಯಾಚ್ ನಂಬರ್ ಮತ್ತು ದಿನಾಂಕಕ್ಕೆ ವಾರ್ನಿಷ್ ಇಲ್ಲದ ಬಿಳಿ ಚೌಕ ಬಿಡಲು ಪ್ರಿಂಟರ್‌ಗೆ ಮೊದಲೇ ಹೇಳಿ. ಹೊಳಪಿನ ಮೇಲೆ ಹೊಡೆದ ಇಂಕ್ ಬೆರಳು ತಾಗಿದರೆ ಹೋಗುತ್ತದೆ. ಸೀಲ್ ಬರುವ ಪಟ್ಟಿಯ ಮೇಲಂತೂ ದಿನಾಂಕ ಹೊಡೆಯಲೇಬೇಡಿ. ಆ ಗೀರುಗಳ ನಡುವೆ 3 ಯಾವುದು, 8 ಯಾವುದು ಅಂತ ತಿಳಿಯಲ್ಲ.

ಕನ್ನಡದಲ್ಲೂ ಬರೆಯಿರಿ. ಕಡ್ಡಾಯ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು ಅಂತ ನಿಯಮ, ಅದರ ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ಎರಡರಲ್ಲೂ ಒಂದೇ ವಿಷಯ ಇರಬೇಕು, ಅಷ್ಟೇ. ಹೇಗೆ ಬಳಸಬೇಕು, ಎಲ್ಲಿಡಬೇಕು ಅನ್ನುವುದು ಅಜ್ಜಿಗೂ ಓದಿ ತಿಳಿಯಬೇಕಲ್ವಾ? ಇದರಿಂದ ಅಮಲೇರುತ್ತಾ ಅನ್ನುವ ಪ್ರಶ್ನೆಗೆ ಉತ್ತರವನ್ನು ಪೊಟ್ಟಣದ ಮೇಲೆ ಬರೆಯುವ ಬದಲು ಕ್ಯೂಆರ್ ಕೋಡ್ ಕೊಟ್ಟು ಆ ಬ್ಯಾಚಿನ ಲ್ಯಾಬ್ ರಿಪೋರ್ಟನ್ನೇ ತೋರಿಸಿ. ನನ್ನ ಅನುಭವದಲ್ಲಿ ಗ್ರಾಹಕರ ಅನುಮಾನ ಅದರಿಂದ ಹೋದಷ್ಟು ಬೇರೆ ಯಾವುದರಿಂದಲೂ ಹೋಗುವುದಿಲ್ಲ.

ಲೇಬಲ್‌ನಿಂದ ತೆಗೆದ ಎಲೆಯನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಅಧಿಕಾರಿಗಳು ಜಾಹೀರಾತನ್ನೂ ನೋಡುತ್ತಾರೆ. ಸರಕು ಕಳಿಸುವಾಗ ಪ್ರತಿ ಪೆಟ್ಟಿಗೆಯೊಳಗೂ ಬಿಲ್, ಲೈಸೆನ್ಸ್ ಪ್ರತಿ, ಆ ಬ್ಯಾಚಿನ ಟಿಎಚ್‌ಸಿ ರಿಪೋರ್ಟ್ ಇಡಿ. ದಾರಿಯಲ್ಲಿ ತಪಾಸಣೆಯಾದರೆ ಕೊರಿಯರ್ ಹುಡುಗ ನಿಮ್ಮ ಪರವಾಗಿ ಏನು ಹೇಳಿಯಾನು, ಆ ಕಾಗದಗಳೇ ಮಾತಾಡಬೇಕು. ದುಬೈ, ಸಿಂಗಪುರದಲ್ಲಿರುವ ನೆಂಟರು ‘ಎರಡು ಪ್ಯಾಕೆಟ್ ತಂದುಕೊಡಿ’ ಅಂದರೆ ಬೇಡ ಅನ್ನಿ. ಈ ಗಿಡದ ವಿಷಯದಲ್ಲಿ ಆ ದೇಶಗಳ ಕಾನೂನು ಬಲು ಕಠಿಣ, ನಮ್ಮ ಎಫ್‌ಎಸ್‌ಎಸ್‌ಎಐ ನಂಬರ್ ಅಲ್ಲಿ ನಡೆಯುವುದಿಲ್ಲ. ವಿದೇಶಕ್ಕೆ ಒಯ್ಯಬೇಡಿ ಎಂಬ ಒಂದು ಸಾಲನ್ನು ನಾನು ಈಗೀಗ ಪೊಟ್ಟಣದ ಹಿಂಭಾಗದಲ್ಲೇ ಹಾಕಿಸುತ್ತಿದ್ದೇನೆ. ನಿಯಮದಲ್ಲಿ ಅದು ಇಲ್ಲ, ಆದರೆ ಜಾಗ ಇದ್ದರೆ ನೀವೂ ಹಾಕಿ.