ಓದುಗರ ಪ್ರಶ್ನೆ: ಬ್ಯಾಂಕಾ, ಕ್ರೆಡಿಟ್ ಯೂನಿಯನ್ನಾ?

ಪ್ರಶ್ನೆ: ನಾವು ಗದಗ ಕಡೆಯವರು. ಮನೆಯವರ ಕೆಲಸದ ಮೇಲೆ ಕೆನಡಾದ ಬ್ರ್ಯಾಂಡನ್ ಊರಿಗೆ ಬಂದು ಮೂರು ತಿಂಗಳಾಯ್ತು. ಇಲ್ಲಿ ಕೇಳಿದವರೆಲ್ಲ ಕ್ರೆಡಿಟ್ ಯೂನಿಯನ್‌ಗೆ ಹೋಗಿ ಅಂತಾರೆ. ಮಾವನವರಿಗೆ ಫೋನಲ್ಲಿ ಹೇಳಿದ್ರೆ, "ಅದು ಸೊಸೈಟಿ ಇದ್ದ ಹಾಗೆ, ಅಲ್ಲಿ ದುಡ್ಡು ಇಡಬ್ಯಾಡ್ರಿ" ಅಂದರು. ಏನು ಮಾಡೋದು?

ಉತ್ತರ: ನಿಮ್ಮ ಮಾವನವರ ಮಾತು ಅರ್ಧ ಸರಿ. ಕ್ರೆಡಿಟ್ ಯೂನಿಯನ್ ಅಂದ್ರೆ ಸೊಸೈಟಿಯೇ. ದುಡ್ಡು ಇಟ್ಟವರೇ ಸದಸ್ಯರು, ಸದಸ್ಯರೇ ಮಾಲೀಕರು. ಐದೋ ಹತ್ತೋ ಡಾಲರ್ ಕೊಟ್ಟು ಒಂದು ಷೇರು ತಗೊಳ್ಳಬೇಕು. ಖಾತೆಯಲ್ಲಿ ಲಕ್ಷ ಡಾಲರ್ ಇರುವ ರೈತನಿಗೂ ನಿಮಗೂ ವಾರ್ಷಿಕ ಸಭೆಯಲ್ಲಿ ಒಂದೊಂದೇ ಓಟು. ಗದಗದವರಿಗೆ ಇದನ್ನು ನಾನು ಹೇಳಿಕೊಡಬೇಕಾ? ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದೇ ನಿಮ್ಮ ಕಣಗಿನಹಾಳದಲ್ಲಿ, 1905ರಲ್ಲಿ. ಕೆನಡಾ ನಿಮಗಿಂತ ಸ್ವಲ್ಪ ಮುಂಚೆ ಶುರುಮಾಡಿತು ಅಷ್ಟೇ. ಕ್ವಿಬೆಕ್‌ನ ಲೇವಿ ಅನ್ನುವ ಊರಲ್ಲಿ ಅಲ್ಫೋನ್ಸ್ ದೆಜಾರ್ದಾಂ 1900ರ ಡಿಸೆಂಬರ್‌ನಲ್ಲಿ ಇಂಥ ಸಂಘ ಕಟ್ಟಿದರು. ಅಲ್ಲಿಗೆ ಬಂದ ಮೊದಲ ಠೇವಣಿ ಬರೀ 10 ಸೆಂಟ್.

ಇನ್ನು ಮಾವನವರ ಭಯ. ಅದು ಸುಮ್ನೆ ಬಂದಿದ್ದಲ್ಲ. ನಮ್ಮ ಕಡೆ ಸಹಕಾರಿ ಬ್ಯಾಂಕ್ ಮುಗ್ಗರಿಸಿ, ಪಿಂಚಣಿದಾರರು ಪಾಸ್‌ಬುಕ್ ಹಿಡಿದು ಬಾಗಿಲ ಮುಂದೆ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಬ್ಯಾಂಕು ಮುಳುಗಿದರೆ ದುಡ್ಡು ಇಟ್ಟವರಿಗೆ ವಾಪಸು ಕೊಡುವ ಠೇವಣಿ ವಿಮೆ ಊರಲ್ಲಿ 5 ಲಕ್ಷ ರೂಪಾಯಿಗೆ ಮುಗಿಯುತ್ತೆ, ಅದೂ 2020ರಿಂದ. ಅದಕ್ಕೂ ಮೊದಲು ಬರೀ 1 ಲಕ್ಷ.

ಇಲ್ಲಿ ಲೆಕ್ಕ ಬೇರೆ. ಬ್ಯಾಂಕುಗಳು ಕೇಂದ್ರ ಸರ್ಕಾರದ ಕಾನೂನಿಗೆ ಸೇರಿದವು, ಅವುಗಳ ಠೇವಣಿ ವಿಮೆ ಒಬ್ಬರಿಗೆ 1 ಲಕ್ಷ ಡಾಲರ್‌ವರೆಗೆ. ನಿಮ್ಮ ಹೆಸರಿನ ಖಾತೆಗೆ ಒಂದು ಲಕ್ಷ, ಗಂಡ-ಹೆಂಡತಿ ಜಂಟಿ ಖಾತೆಗೆ ಬೇರೆ ಒಂದು ಲಕ್ಷ, ಹೀಗೆ ಬಗೆ ಬಗೆಗೂ ಪ್ರತ್ಯೇಕ. ಕ್ರೆಡಿಟ್ ಯೂನಿಯನ್‌ಗಳು ಸಾಮಾನ್ಯವಾಗಿ ಪ್ರಾಂತ್ಯದ ಕೈಯಲ್ಲಿವೆ, ಹಾಗಾಗಿ ಮಿತಿಯೂ ಪ್ರಾಂತ್ಯಕ್ಕೊಂದು. ನಿಮ್ಮ ಬ್ರ್ಯಾಂಡನ್ ಇರುವ ಮ್ಯಾನಿಟೋಬಾದಲ್ಲಿ ಠೇವಣಿಗೆ ಪೂರ್ತಿ ಖಾತರಿ, ಮಿತಿಯೇ ಇಲ್ಲ. ಪಕ್ಕದ ಸಸ್ಕ್ಯಾಚೆವಾನ್, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾದಲ್ಲೂ ಹಾಗೇ. ಒಂಟಾರಿಯೋದಲ್ಲಿ ಮಾಮೂಲಿ ಖಾತೆಗೆ 2.5 ಲಕ್ಷ ಡಾಲರ್, ಕ್ವಿಬೆಕ್‌ನಲ್ಲಿ 1 ಲಕ್ಷ. ಆ ಖಾತರಿಯ ನಿಧಿಗೆ ದುಡ್ಡು ಹಾಕುವುದು ಕ್ರೆಡಿಟ್ ಯೂನಿಯನ್‌ಗಳೇ. ಮ್ಯಾನಿಟೋಬಾದಲ್ಲಿ ಪ್ರಾಂತ್ಯದ ಖಜಾನೆಯೇ ಬೆನ್ನಿಗೆ ನಿಂತಿದೆ ಅಂತ ತಿಳಿಯಬೇಡಿ. ಮ್ಯೂಚುಯಲ್ ಫಂಡ್‌ಗೆ ಹಾಕಿದ ದುಡ್ಡಿಗೆ ಎಲ್ಲೂ ಠೇವಣಿ ವಿಮೆ ಇಲ್ಲ. ಆದರೂ ನಿಮ್ಮ ಸಂಬಳದ ಖಾತೆಯ ಮಟ್ಟಿಗೆ ಭದ್ರತೆಯ ಚಿಂತೆ ಬಿಡಿ, ಮಾವನವರಿಗೂ ಹಾಗೇ ಹೇಳಿ.

ಹಾಗಿದ್ರೆ ಆಯ್ಕೆ ಯಾವುದರ ಮೇಲೆ? ನನ್ನ ಲೆಕ್ಕದಲ್ಲಿ ಒಂದೇ ಪ್ರಶ್ನೆ: ನೀವು ಬ್ರ್ಯಾಂಡನ್‌ನಲ್ಲೇ ನಿಲ್ಲುತ್ತೀರಾ, ಎರಡು ವರ್ಷ ಇದ್ದು ಟೊರಾಂಟೋ ಕಡೆ ಹೋಗುತ್ತೀರಾ?

ಹೋಗುವವರಿಗೆ ಬ್ಯಾಂಕೇ ಸಲೀಸು. ಆರ್‌ಬಿಸಿ, ಟಿಡಿ, ಸ್ಕೋಷಿಯಾ, ಬಿಎಂಓ, ಸಿಐಬಿಸಿ ಐದೂ ದೇಶದ ಉದ್ದಗಲಕ್ಕೂ ಇವೆ. ಹೊಸದಾಗಿ ಬಂದವರಿಗೆ ಒಂದು ವರ್ಷ ಶುಲ್ಕವಿಲ್ಲದ ಖಾತೆ, ಇಲ್ಲಿ ಸಾಲದ ಇತಿಹಾಸ ಇಲ್ಲದಿದ್ದರೂ ಒಂದು ಕ್ರೆಡಿಟ್ ಕಾರ್ಡು, ಇಂಥ ಯೋಜನೆಗಳು ಅವರಲ್ಲಿ ಸಾಮಾನ್ಯ. ಕಾರ್ಡು ಮುಖ್ಯ. ಊರಲ್ಲಿ ಎಷ್ಟೇ ನಿಯತ್ತಾಗಿ ಇಎಂಐ ಕಟ್ಟಿದ್ದರೂ ಇಲ್ಲಿ ನಿಮ್ಮ ಕ್ರೆಡಿಟ್ ಸ್ಕೋರ್ ಸಾಮಾನ್ಯವಾಗಿ ಸೊನ್ನೆಯಿಂದಲೇ ಶುರು. ಇನ್ನೊಂದು ವಿಷಯ, ಕೆಲಸ ಇಲ್ಲದಿದ್ದರೂ, ಹಾಕಲು ದುಡ್ಡು ಇಲ್ಲದಿದ್ದರೂ, ಸರಿಯಾದ ಗುರುತಿನ ಚೀಟಿ ತೋರಿಸಿದರೆ ಬ್ಯಾಂಕು ಖಾತೆ ತೆರೆದುಕೊಡಬೇಕು, ಅದು ಕಾನೂನು. ಮನೆಯವರಿಗೆ ಮಾತ್ರ ಕೆಲಸ ಇದೆ ಅಂತ ನೀವು ಹಿಂಜರಿಯಬೇಡಿ. ನಿಮ್ಮ ಹೆಸರಿನಲ್ಲೂ ಒಂದು ಖಾತೆ ಇರಲಿ.

ಆದರೆ ಆ ಒಂದು ವರ್ಷ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಂಡಿರಲಿಲ್ಲ. ತಿಂಗಳಿಗೆ 16 ಡಾಲರ್‌ನಂತೆ ಐದು ತಿಂಗಳು ಸದ್ದಿಲ್ಲದೆ ಹೋಯ್ತು. ಆರನೇ ತಿಂಗಳು ಸ್ಟೇಟ್‌ಮೆಂಟ್ ಬಿಡಿಸಿ ನೋಡಿದಾಗ ಹೊಟ್ಟೆ ಉರಿಯಿತು. ಖಾತೆಯಲ್ಲಿ ಮೂರ್ನಾಲ್ಕು ಸಾವಿರ ಡಾಲರ್ ಯಾವಾಗಲೂ ಇಟ್ಟರೆ ಶುಲ್ಕ ಮನ್ನಾ ಅಂದರು. ಹೊಸದಾಗಿ ಬಂದವರ ಹತ್ತಿರ ಅಷ್ಟು ದುಡ್ಡು ಸುಮ್ನೆ ಕೂತಿರುತ್ತಾ? ತಿಂಗಳಿಗೆ 4 ಡಾಲರ್ ಮೀರದ ಅಗ್ಗದ ಖಾತೆಯೂ ದೊಡ್ಡ ಬ್ಯಾಂಕುಗಳಲ್ಲಿ ಇದೆ. ನೀವಾಗಿ ಕೇಳಬೇಕು ಅಷ್ಟೇ. ನನಗೆ ಯಾರೂ ಹೇಳಲಿಲ್ಲ.

ನಿಲ್ಲುವವರಿಗೆ ಕ್ರೆಡಿಟ್ ಯೂನಿಯನ್ ಕಡೆ ನನ್ನ ಒಲವು. ಬ್ರ್ಯಾಂಡನ್ ಮ್ಯಾನಿಟೋಬಾದ ಎರಡನೇ ದೊಡ್ಡ ಊರು, ಆದರೂ 2021ರ ಜನಗಣತಿಯಲ್ಲಿ ಇದ್ದವರು 51 ಸಾವಿರದ ಆಸುಪಾಸು. ಊರಿನ ಐಸ್ ಹಾಕಿ ಅಂಗಳಕ್ಕೆ ವರ್ಷಗಟ್ಟಲೆ ವೆಸ್ಟೋಬಾ ಕ್ರೆಡಿಟ್ ಯೂನಿಯನ್ನಿನ ಹೆಸರೇ ಇತ್ತು ಅಂದ್ರೆ ನೋಡಿ. ಇಂಥ ಊರಲ್ಲಿ ಮುಂದೆ ಮನೆ ಸಾಲ ಕೇಳಿದಾಗ, ಕಾಗದ ನೋಡುವವರು ಅದೇ ರಸ್ತೆಯಲ್ಲಿ ಓಡಾಡುವವರಾಗಿರುವ ಸಾಧ್ಯತೆ ಜಾಸ್ತಿ. ಮನೆಯವರ ಕಾರ್ಖಾನೆ ಯಾವುದು, ನೀವು ಕೊಳ್ಳುವ ಬೀದಿ ಎಂಥದ್ದು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕುಗಳು ಮನೆ ಸಾಲಕ್ಕೆ ಒಂದು ಪರೀಕ್ಷೆ ಮಾಡಲೇಬೇಕು: ನಿಮ್ಮ ಬಡ್ಡಿ ದರಕ್ಕಿಂತ ಶೇ 2 ಜಾಸ್ತಿ ಅಥವಾ ಶೇ 5.25, ಯಾವುದು ಹೆಚ್ಚೋ ಆ ದರದಲ್ಲೂ ಕಂತು ಕಟ್ಟಬಲ್ಲಿರಾ ಅಂತ. ಪ್ರಾಂತ್ಯದ ಕ್ರೆಡಿಟ್ ಯೂನಿಯನ್‌ಗಳಿಗೆ ಆ ನಿಯಮ ನೇರವಾಗಿ ತಾಗುವುದಿಲ್ಲ. ಅನೇಕರು ತಾವಾಗಿಯೇ ಪಾಲಿಸುತ್ತಾರೆ, ಕೆಲವರು ಸ್ವಲ್ಪ ಸಡಿಲ. ಆದರೆ ಕೈಯಿಂದ ಹಾಕುವ ದುಡ್ಡು ಶೇ 20ಕ್ಕಿಂತ ಕಡಿಮೆ ಇದ್ದು ಸಾಲಕ್ಕೆ ವಿಮೆ ಮಾಡಿಸಬೇಕಾಗಿ ಬಂದರೆ ಪರೀಕ್ಷೆ ಎಲ್ಲಿ ಹೋದರೂ ತಪ್ಪದು.

ತೊಡಕೂ ಇವೆ. ಅನೇಕ ಕ್ರೆಡಿಟ್ ಯೂನಿಯನ್‌ಗಳಿಗೆ ವಿದೇಶದಿಂದ ದುಡ್ಡು ಬರುವ ದಾರಿ ನೇರವಾಗಿಲ್ಲ, ನಡುವೆ ಇನ್ನೊಂದು ಸಂಸ್ಥೆ ಇರುತ್ತೆ. ಗದಗದಿಂದ ಮಾವನವರು ದುಡ್ಡು ಕಳಿಸಬೇಕಾಗಿ ಬಂದರೆ ಒಂದೆರಡು ದಿನ ಜಾಸ್ತಿ, ಶುಲ್ಕವೂ ಜಾಸ್ತಿ ಆಗಬಹುದು. ಮೊದಲೇ ಕೇಳಿಕೊಳ್ಳಿ. ಎಟಿಎಂ ಬಗ್ಗೆ ಅಷ್ಟು ಚಿಂತೆ ಬೇಡ, ದೇಶದ ಅನೇಕ ಕ್ರೆಡಿಟ್ ಯೂನಿಯನ್‌ಗಳು ಒಬ್ಬರ ಯಂತ್ರ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿವೆ. ಪೆಟ್ರೋಲ್ ಬಂಕಿನ ಮೂಲೆಯಲ್ಲಿರುವ ಯಂತ್ರದಲ್ಲಿ ಮಾತ್ರ ತೆಗೆಯಬೇಡಿ, 20 ಡಾಲರಿಗೆ 3 ಡಾಲರ್ ಕಿತ್ತುಕೊಳ್ಳುತ್ತೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಬ್ಯಾಂಕಿನಲ್ಲಿ ಖಾತೆ, ಕಾರ್ಡು ಎರಡೂ ತಗೊಂಡು, ಕಾರ್ಡಿನಲ್ಲಿ ದಿನಸಿ ಮಾತ್ರ ತಂದು, ತಿಂಗಳು ತಿಂಗಳು ಪೂರ್ತಿ ತೀರಿಸುತ್ತಿದ್ದೆ. ಜೊತೆಗೆ ಕ್ರೆಡಿಟ್ ಯೂನಿಯನ್‌ನಲ್ಲಿ ಒಂದು ಷೇರು, ಒಂದು ಉಳಿತಾಯ ಖಾತೆ. ಇಲ್ಲೇ ನಿಲ್ಲುವುದು ಖಚಿತವಾದ ದಿನ ಸಂಬಳವನ್ನು ಅಲ್ಲಿಗೆ ತಿರುಗಿಸುವುದು. ಅದಕ್ಕೆ ಮನೆಯವರ ಆಫೀಸಿನಲ್ಲಿ ಒಂದು ಫಾರ್ಮ್ ಕೊಡುತ್ತಾರೆ. ಮೂರು ಸಂಖ್ಯೆ ಕೇಳುತ್ತೆ: ಶಾಖೆಯದ್ದು ಐದಂಕಿ, ಸಂಸ್ಥೆಯದ್ದು ಮೂರಂಕಿ, ಆಮೇಲೆ ಖಾತೆ ಸಂಖ್ಯೆ. ಚೆಕ್ಕಿನ ಕೆಳಗಡೆ ಮೂರೂ ಇರುತ್ತವೆ. ನಡುವಿನ ಮೂರಂಕಿ ಆರ್‌ಬಿಸಿಗೆ 003, ಟಿಡಿಗೆ 004. ಮ್ಯಾನಿಟೋಬಾದ ಕ್ರೆಡಿಟ್ ಯೂನಿಯನ್‌ಗಳದ್ದು 879. ಸಂಬಳ ದಾರಿ ತಪ್ಪುವುದು ಹೆಚ್ಚಾಗಿ ಈ ಮೂರಂಕಿ ತಪ್ಪಿದಾಗ, ಎರಡು ಸಲ ಓದಿ ಬರೆಯಿರಿ.