ಬಣ್ಣಿಸುವ ಕೆಲಸ ಯಾವ ಪದದ್ದು?

ಪದವಿ ವಿದ್ಯಾರ್ಥಿಗಳ ಕನ್ನಡ ಪ್ರಬಂಧ ತಿದ್ದುವಾಗ ನನ್ನ ಕೆಂಪು ಪೆನ್ನಿಗೆ ಕಾಗುಣಿತಕ್ಕಿಂತ ಹೆಚ್ಚು ಕೆಲಸ ಕೊಡುವುದು ‘ವಾದ’ ಮತ್ತು ‘ವಾಗಿ’. ವಾಕ್ಯಕ್ಕೆ ಇನ್ನಷ್ಟು ವಿವರ ತುಂಬಿ ಎಂದರೆ ಸಾಕು, ‘ಸುಂದರವಾದ’, ‘ಅದ್ಭುತವಾದ’, ‘ಐತಿಹಾಸಿಕವಾದ’ ಎಂದು ಶುರುವಾಗುತ್ತದೆ. ಕಲಬುರಗಿಯ ಕೋಟೆಯೂ ಅದ್ಭುತ, ಬೀದರಿನ ಮದರಸಾವೂ ಅದ್ಭುತ, ಶರಣಬಸವೇಶ್ವರರ ಜಾತ್ರೆಯೂ ಅದ್ಭುತ. ಮೂರನ್ನೂ ಕಣ್ಣಾರೆ ಕಂಡವರು ಬರೆದಂತೆ ಮಾತ್ರ ಇರುವುದಿಲ್ಲ.

ಕನ್ನಡದ್ದೇ ಆದ ಅಪ್ಪಟ ಗುಣವಾಚಕಗಳು ತೀರ ಹೆಚ್ಚಿಲ್ಲ. ಹಿರಿ, ಕಿರಿ, ಹೊಸ, ಹಳೆ, ಬಿಳಿ, ಕರಿ, ಒಳ್ಳೆ ಎಂದು ಎಣಿಸುತ್ತ ಹೋದರೆ ಬೇಗನೆ ತಡವರಿಸುತ್ತೇವೆ. ಇದು ಕೊರತೆಯೇನಲ್ಲ. ಬಣ್ಣಿಸುವ ಕೆಲಸದ ದೊಡ್ಡ ಪಾಲನ್ನು ನಮ್ಮ ನುಡಿ ಷಷ್ಠಿ ವಿಭಕ್ತಿಗೂ (‘ದಂಡೆಯ’, ‘ಕೋಟೆಯ’) ಕ್ರಿಯಾಪದದಿಂದ ಹುಟ್ಟುವ ಕೃದಂತಕ್ಕೂ (‘ಆಳಿದ’, ‘ಬಂದ’) ವಹಿಸಿಕೊಟ್ಟಿದೆ. ‘ಐತಿಹಾಸಿಕವಾದ ಮಳಖೇಡ’ ಎಂದರೆ ಓದುಗನಿಗೆ ಸಿಕ್ಕಿದ್ದೇನು? ‘ಕಾಗಿಣಾ ದಂಡೆಯ ಮಳಖೇಡ’ ಎಂದರೆ ನೆಲ ಕಾಣುತ್ತದೆ. ‘ಅಮೋಘವರ್ಷ ನೃಪತುಂಗ ಆಳಿದ ಮಳಖೇಡ’ ಎಂದರೆ ಕಾಲ ಕಾಣುತ್ತದೆ. ‘ಆಳಿದ’ ಎಂಬ ಒಂದೇ ಕೃದಂತ ಇಡೀ ಒಂದು ವಾಕ್ಯವನ್ನು ಹೊತ್ತು ತಂದು ನಾಮಪದದ ಮುಂದೆ ನಿಲ್ಲಿಸಿತು.

ತರಗತಿಯಲ್ಲಿ ನಾನು ಮೊದಲು ಕೊಡುವ ವಾಕ್ಯ ಇದು: ‘ರೈತನು ತೊಗರಿಯನ್ನು ಮಾರಿದನು.’ ವಿಸ್ತರಿಸಿ ಎಂದಾಗ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ಬಡವನಾದ ರೈತನು ಉತ್ತಮವಾದ ತೊಗರಿಯನ್ನು ಬೇಸರದಿಂದ ಮಾರಿದನು.’ ಪದಗಳು ಹೆಚ್ಚಿದವು, ದೃಶ್ಯ ಮೂಡಲಿಲ್ಲ. ಈಗ ಇದನ್ನು ನೋಡಿ: ‘ಮೋಡ ಕವಿಯುತ್ತಿದ್ದಂತೆ ರೈತನು, ಗಂಜಿನ ಬಯಲಿನಲ್ಲಿ ಸುರಿದಿದ್ದ ತೊಗರಿಯನ್ನು ಖರೀದಿದಾರ ಕೇಳಿದ ಬೆಲೆಗೇ ಕೊಟ್ಟುಬಿಟ್ಟನು.’ (ಗಂಜ್ ಎಂದರೆ ನಮ್ಮ ಕಡೆಯ ದವಸದ ಮಾರುಕಟ್ಟೆ.)

ಇಲ್ಲಿ ಬಡತನದ ಮಾತಿಲ್ಲ, ಬೇಸರದ ಮಾತೂ ಇಲ್ಲ. ‘ಕವಿಯುತ್ತಿದ್ದಂತೆ’ ಎಂಬುದು ಅವಸರಕ್ಕೆ ಕಾರಣ ಹೇಳಿತು. ‘ಸುರಿದಿದ್ದ’ ಎಂಬುದು ಕಾಳು ನೆನೆಯುವ ಅಪಾಯವನ್ನು ತೋರಿಸಿತು. ‘ಬೆಲೆಗೇ’ ಎಂಬಲ್ಲಿನ ಏಕಾರ ಚೌಕಾಸಿಗೆ ಎಡೆಯಿರಲಿಲ್ಲ ಎಂದಿತು. ಉಳಿದದ್ದನ್ನು ‘ಬಿಟ್ಟನು’ ಪೂರೈಸಿತು. ಈ ಸಹಾಯಕ ಕ್ರಿಯಾಪದಗಳನ್ನು ನಮ್ಮ ಮಕ್ಕಳು ಮಾತಿನಲ್ಲಿ ಧಾರಾಳವಾಗಿ ಬಳಸುತ್ತಾರೆ, ಬರೆಯಲು ಕೂತರೆ ಮರೆಯುತ್ತಾರೆ. ಬರೆದುಕೊಂಡನು, ಬರೆದಿಟ್ಟನು, ಬರೆದುಕೊಟ್ಟನು, ಬರೆದುಹಾಕಿದನು: ಯಾರಿಗಾಗಿ, ಎಂಥ ಮನಸ್ಸಿನಿಂದ ಎಂಬುದು ಕ್ರಿಯಾಪದದ ಬಾಲದಲ್ಲೇ ತಿಳಿಯುತ್ತದೆ. ಇವುಗಳ ಜಾಗಕ್ಕೆ ‘ಕಷ್ಟಪೂರ್ವಕವಾಗಿ’, ‘ನಿರ್ಲಕ್ಷ್ಯಪೂರ್ವಕವಾಗಿ’ ತಂದು ಕೂರಿಸುವುದು ನನಗಂತೂ ಹಿಡಿಸದು. ಸದ್ದನ್ನೋ ಅನುಭವವನ್ನೋ ಅನುಕರಿಸುವ ಅನುಕರಣಾವ್ಯಯಗಳೂ ಹಾಗೆಯೇ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ‘ತೀವ್ರವಾಗಿತ್ತು’ ಎಂದು ಬರೆದವರು ಆ ಬಿಸಿಲಲ್ಲಿ ನಡೆದವರಲ್ಲ. ಅದು ಚುರುಗುಟ್ಟುತ್ತದೆ.

ವಿಶೇಷಣ ಎಲ್ಲಿ ನಿಲ್ಲಬೇಕೆಂಬುದು ಇನ್ನೊಂದು ತೊಡಕು. ‘ಹಳೆಯ ಕೋಟೆಯ ಫಿರಂಗಿ’ ಎಂದರೆ ಹಳೆಯದು ಯಾವುದು? ಫಿರಂಗಿ ಎನ್ನುವುದಾದರೆ ‘ಕೋಟೆಯ ಹಳೆಯ ಫಿರಂಗಿ’ ಎನ್ನಬೇಕು. ‘ನಿನ್ನೆ ಬಂದ ಅಧಿಕಾರಿಯ ಪತ್ರ’ ಎಂಬಲ್ಲಿ ಬಂದವರು ಅಧಿಕಾರಿಯೋ, ಬಂದದ್ದು ಪತ್ರವೋ? ‘ಅಧಿಕಾರಿಯಿಂದ ನಿನ್ನೆ ಬಂದ ಪತ್ರ’ ಎಂದಾಗ ಸಂಶಯವಿಲ್ಲ. ಬಣ್ಣಿಸುವ ಪದ ತನ್ನ ನಾಮಪದಕ್ಕೆ ತಾಗಿಯೇ ಇದ್ದರೆ ಅರ್ಧ ತಪ್ಪುಗಳು ತಾವಾಗಿಯೇ ಹೋಗುತ್ತವೆ.

ಕೃದಂತದ ರುಚಿ ಹತ್ತಿದವರು ಮಿತಿ ಮೀರುವುದೂ ಉಂಟು. ‘1367ರಲ್ಲಿ ಕಟ್ಟಿದ, ತೆರೆದ ಅಂಗಳವಿಲ್ಲದ, ಪೂರ್ತಿ ಚಾವಣಿ ಹೊದ್ದಿರುವ, ಕಲಬುರಗಿ ಕೋಟೆಯೊಳಗಿರುವ ಜಾಮಿ ಮಸೀದಿಯನ್ನು ನೋಡಿದೆವು’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಕನ್ನಡದಲ್ಲಿ ಬಣ್ಣನೆಯೆಲ್ಲ ನಾಮಪದಕ್ಕಿಂತ ಮೊದಲೇ ಸಾಲುಗಟ್ಟುವುದರಿಂದ, ಯಾವುದರ ಮಾತು ಇದೆಂದು ತಿಳಿಯದೆಯೇ ಓದುಗ ಅಷ್ಟನ್ನೂ ನೆನಪಿಟ್ಟುಕೊಳ್ಳಬೇಕು. ಮುರಿದು ಬರೆಯುವುದು ಮೇಲು: ‘ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡಿದೆವು. 1367ರ ಕಟ್ಟಡ. ಅದಕ್ಕೆ ತೆರೆದ ಅಂಗಳವೇ ಇಲ್ಲ. ಇಡೀ ಮಸೀದಿ ಚಾವಣಿಯ ಕೆಳಗಿದೆ.’ ಒಂದು ನಾಮಪದಕ್ಕೆ ಎರಡು ಬಣ್ಣನೆ ಸಾಕೆಂಬುದು ನನ್ನ ಅಳತೆ. ಮೂರನೆಯದಕ್ಕೆ ಹೊಸ ವಾಕ್ಯ ಕೊಡಿ.

ಕಚೇರಿಯ ಅರ್ಜಿಗೆ ಈ ಪಾಠ ಬೇಡ. ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಬರೆಯುವಾಗ ಹೊಲವನ್ನು ಬಣ್ಣಿಸಬೇಕಾದದ್ದು ಊರು, ಹೋಬಳಿ ಮತ್ತು ಸರ್ವೆ ನಂಬರ್.