ಬಾಲ ಎತ್ತಿ ನಡೆವ ಚಿರತೆ

ಸಫಾರಿ ಗಾಡಿಯಲ್ಲಿ ಕೂತವರೆಲ್ಲ ಪೊದೆ, ಮರ ಅಂತ ಕಣ್ಣಾಡಿಸುತ್ತಿದ್ದರೆ ಪ್ರಾಣಿಗಳ ಜಾಡು ಹಿಡಿಯುವ ಟ್ರ್ಯಾಕರ್ ಮಾತ್ರ ನೆಲ ನೋಡುತ್ತಿರುತ್ತಾನೆ. ಆಫ್ರಿಕಾದ ಹಲವು ಕಾಡುಗಳಲ್ಲಿ ಗಾಡಿಯ ಮೂತಿ ಮೇಲಿರುವ ಪುಟ್ಟ ಸೀಟು ಅವನದು. ಸಿಂಹ ಸಿಕ್ಕರೂ ಅವನಿಗೆ ಖುಷಿನೇ, ಆದರೆ ಚಿರತೆ ಅಂದರೆ ಆ ಖುಷಿಯೇ ಬೇರೆ. ತನಗಿಂತ ಭಾರದ ಬೇಟೆಯನ್ನೂ ಮರಕ್ಕೆ ಏರಿಸುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಟ್ರ್ಯಾಕರ್ ಮೆಚ್ಚುವುದು ಅದು ಕಾಣಿಸಿಕೊಳ್ಳದೆ ಬದುಕುವ ಜಾಣತನವನ್ನು.

ಅವನಿಗೆ ಮೊದಲು ಸಿಗುವುದು ಹೆಜ್ಜೆ. ನಾಲ್ಕು ಬೆರಳು, ಹಿಂದೆ ಒಂದು ದಪ್ಪ ಅಂಗಾಲು, ಉಗುರಿನ ಗುರುತಿಲ್ಲ. ನಡೆಯುವಾಗ ಚಿರತೆ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಕತ್ತೆಕಿರುಬ ಆಗಿದ್ದರೆ ಉಗುರು ಮೂಡಿರುತ್ತಿತ್ತು. ಹೆಜ್ಜೆಯ ಮೇಲೆ ರಾತ್ರಿ ಓಡಾಡುವ ಹುಳ ಹರಿದ ಗೆರೆ ಇದ್ದರೆ ಚಿರತೆ ಹೋಗಿ ತುಂಬಾ ಹೊತ್ತಾಗಿದೆ, ಸುಮ್ನೆ ಹಿಂದೆ ಬಿದ್ದು ಪ್ರಯೋಜನವಿಲ್ಲ. ಅಂಚು ಚೂಪಾಗಿದ್ದು ಮರಳು ಇನ್ನೂ ಕುಸಿದಿಲ್ಲ ಅಂದರೆ ಗಾಡಿ ನಿಲ್ಲಿಸಿ ಕಿವಿಗೊಡಬೇಕು.

ಕಿವಿಗೆ ಬೀಳುವುದು ಇಂಪಾಲಾ ಜಿಂಕೆಯ ಸೀನಿನಂಥ ಸದ್ದು, ಇಲ್ಲವೇ ಮರದ ಮೇಲಿನ ಕೋತಿಗಳ ಗಲಾಟೆ. ಇದು ಬರೀ ತಮ್ಮವರಿಗೆ ಕೊಡುವ ಎಚ್ಚರಿಕೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಐವರಿ ಕೋಸ್ಟ್ ದೇಶದ ‘ತಾಯಿ’ (Taï) ಎಂಬ ಹೆಸರಿನ ಕಾಡಿನಲ್ಲಿ ರೇಡಿಯೋ ಕಾಲರ್ ಹಾಕಿದ ಚಿರತೆಗಳನ್ನು ಹಿಂಬಾಲಿಸಿದ ವಿಜ್ಞಾನಿಗಳು 1999ರಲ್ಲಿ ಬರೆದದ್ದು ಬೇರೆ: ಕೋತಿಗಳು ಕೂಗಿದ ಮೇಲೆ ಚಿರತೆಗಳು ಹೊಂಚು ಹಾಕುವುದನ್ನು ಬಿಟ್ಟು ಜಾಗ ಖಾಲಿ ಮಾಡುತ್ತಿದ್ದವು. ಅಂದರೆ ಆ ಕೂಗು ಚಿರತೆಗೂ ಸೇರಿದ್ದು. ನಿನ್ನನ್ನು ನೋಡಿಯಾಯ್ತು, ಹೋಗು ಅಂತ.

ಚಿರತೆಗೂ ಅದು ಅರ್ಥವಾಗುತ್ತದೆ. ಚೀತಾ ಥರ ದೂರದಿಂದ ಓಡಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿ ಇದಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳಿ, ಕೆಲವೇ ಮೀಟರ್ ದೂರಕ್ಕೆ ಬಂದ ಮೇಲೆ ಹಾರಬೇಕು. ಗುಟ್ಟು ರಟ್ಟಾದರೆ ಆಟ ಮುಗಿದಂತೆಯೇ. ಆಗ ಅದು ಮಾಡುವ ಕೆಲಸ ನೋಡಬೇಕು, ನನಗಂತೂ ಚಿರತೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ: ಎದ್ದು ನಿಂತು, ಬಾಲವನ್ನು ಬೆನ್ನ ಮೇಲೆ ಸುರುಳಿ ಮಾಡಿ, ತುದಿಯ ಕೆಳಗಿನ ಬಿಳಿ ಎಲ್ಲರಿಗೂ ಕಾಣುವಂತೆ ಬಯಲಲ್ಲೇ ನಡೆದು ಹೋಗುತ್ತದೆ. ಬೇಟೆಯಾಡುತ್ತಿಲ್ಲ ಅಂತ ಹೇಳುವ ಪರಿ ಅದು ಅನ್ನುತ್ತಾರೆ ಟ್ರ್ಯಾಕರ್‌ಗಳು.

ಇಂಪಾಲಾಗಳು ಅಷ್ಟಕ್ಕೆಲ್ಲ ನಂಬುವುದಿಲ್ಲ. ಚಿರತೆ ಕಣ್ಮರೆಯಾಗುವವರೆಗೂ ಅದರತ್ತಲೇ ಮುಖ ಮಾಡಿ ಸೀನುತ್ತಲೇ ಇರುತ್ತವೆ. ಟ್ರ್ಯಾಕರ್‌ಗೆ ಅಷ್ಟು ಸಾಕು, ಅವುಗಳ ಮೂತಿ ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಿ ಡ್ರೈವರ್‌ಗೆ ಹೊರಡು ಅನ್ನುತ್ತಾನೆ.